ಬೆಂಗಳೂರಿನಲ್ಲಿ ಕ್ರಿಯೇಟಿವ್ ಕೆಲಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಹತ್ತರ ಮೇಲೆ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. ಮೊದಲು ‘ಹಾಯ್ ಮೇಡಂ’. ಆಮೇಲೆ ‘ಏನಾದ್ರೂ ಚಾನ್ಸ್ ಇದ್ರೆ ಹೇಳಿ’. ಯಾವ ಕೆಲಸ ಬೇಕು, ಏನು ಬರುತ್ತೆ, ಒಂದೂ ಇರುವುದಿಲ್ಲ. ನಾನು ದಾವಣಗೆರೆಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಾ ಶುರು ಮಾಡಿದವಳು. ಆಮೇಲೆ ಬೆಂಗಳೂರಿನ ಜಾಹೀರಾತು ಏಜೆನ್ಸಿಯಲ್ಲಿ ಕನ್ನಡ ಕಾಪಿ, ಅಂದರೆ ಜಾಹೀರಾತಿನ ಸಾಲು ಬರೆದೆ, ಸೀರಿಯಲ್‌ಗೆ ಸಂಭಾಷಣೆ ಬರೆದೆ. ಈಗ ಫ್ರೀಲ್ಯಾನ್ಸ್. ಕೆಲಸ ಜಾಸ್ತಿ ಬಂದಾಗ ಹುಡುಗ ಹುಡುಗಿಯರನ್ನು ಹುಡುಕಿ ತಂಡ ಕಟ್ಟುವುದೂ ನಾನೇ. ಹಾಗಾಗಿ ಕೆಲಸ ಕೇಳುವವರ ಪಾಡೂ ಗೊತ್ತು, ಕೊಡುವವರ ಕಿರಿಕಿರಿಯೂ ಗೊತ್ತು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕ್ರಿಯೇಟಿವ್ ಫೀಲ್ಡ್ ಅಂದರೆ ಸಿನಿಮಾ ತಾನೇ?

ಅಲ್ಲ. ಸಿನಿಮಾ ಅದರಲ್ಲೊಂದು ಓಣಿ, ಅಷ್ಟೇ. ಸೀರಿಯಲ್, ಜಾಹೀರಾತು, ಡಬ್ಬಿಂಗ್, ಸಬ್‌ಟೈಟಲ್, ಆನಿಮೇಷನ್, ಗೇಮ್, ಪುಸ್ತಕದ ಮುಖಪುಟ, ಮೊಬೈಲ್ ಆಪ್‌ಗಳ ಕನ್ನಡ, ಮದುವೆ ವಿಡಿಯೋ, ಹೋಟೆಲ್ ಮೆನು, ಎಲ್ಲವೂ ಇದರೊಳಗೇ ಬರುತ್ತವೆ. ಮದುವೆ ವಿಡಿಯೋ ಅಂದರೆ ಮೂಗು ಮುರಿಯಬೇಡಿ. ನನಗೆ ಗೊತ್ತಿರುವ ಒಳ್ಳೆಯ ಎಡಿಟರ್‌ಗಳಲ್ಲಿ ಇಬ್ಬರು ಕೈ ಪಳಗಿಸಿಕೊಂಡಿದ್ದು ಅಲ್ಲೇ. ಎಂಟು ಗಂಟೆ ಫುಟೇಜ್‌ನಿಂದ ನಾಲ್ಕು ನಿಮಿಷ ತೆಗೆಯುವುದು, ಅದೂ ಹುಡುಗಿಯ ಸೋದರಮಾವನನ್ನು ಬಿಡದೆ ತೆಗೆಯುವುದು, ಸುಮ್ನೆ ಮಾತಲ್ಲ.

ಗಾಂಧಿನಗರ ಸುತ್ತಿದರೆ ಕೆಲಸ ಸಿಗುತ್ತಾ?

ಒಂದು ಕಾಲದಲ್ಲಿ ಸಿಗುತ್ತಿತ್ತು. ನಿರ್ಮಾಪಕರ ಆಫೀಸು, ವಿತರಕರು, ಥಿಯೇಟರು ಎಲ್ಲ ಅಲ್ಲೇ ಇದ್ದವು. ಈಗಲೂ ಕನ್ನಡ ಚಿತ್ರರಂಗಕ್ಕೆ ‘ಗಾಂಧಿನಗರ’ ಅಂತಲೇ ಹೇಳುತ್ತೇವೆ. ಆದರೆ ಕೆಲಸ ನಡೆಯುವ ಜಾಗ ಊರೆಲ್ಲ ಚದುರಿದೆ. ರಾಜರಾಜೇಶ್ವರಿ ನಗರ, ನಾಗರಭಾವಿ ಕಡೆ ಯಾವುದೋ ಮನೆಯ ಮೊದಲ ಮಹಡಿಯಲ್ಲಿ ಎಡಿಟಿಂಗ್ ರೂಮು ಇರುತ್ತದೆ. ಹೊರಗೆ ಬೋರ್ಡೂ ಇರುವುದಿಲ್ಲ. ಚಪ್ಪಲಿ ರಾಶಿ ನೋಡಿ ಗುರುತು ಹಿಡಿಯಬೇಕು. 1944ರಲ್ಲಿ ಶುರುವಾದ ಚಲನಚಿತ್ರ ವಾಣಿಜ್ಯ ಮಂಡಳಿ, ಅಂದರೆ ಎಲ್ಲರ ಬಾಯಲ್ಲಿ ‘ಚೇಂಬರ್’, ನಿಮಗೆ ಕೆಲಸ ಕೊಡಿಸುವ ಕಚೇರಿ ಅಲ್ಲ. ಅಲ್ಲಿ ಬಯೋಡೇಟಾ ಹಿಡಿದು ಕಾಯುವುದು ದಂಡ.

ಹಾಗಾದರೆ ಎಲ್ಲಿ ಹುಡುಕಬೇಕು?

ಏಜೆನ್ಸಿ, ಡಿಸೈನ್ ಸ್ಟುಡಿಯೋ, ಗೇಮ್ ಕಂಪನಿಗಳು ಲಿಂಕ್ಡ್‌ಇನ್‌ನಲ್ಲಿ, ತಮ್ಮ ವೆಬ್‌ಸೈಟ್‌ನಲ್ಲಿ ಹಾಕುತ್ತವೆ. ಸಿನಿಮಾ, ಸೀರಿಯಲ್ ಮಂದಿ ಹಾಗೆ ಹಾಕುವುದು ತೀರಾ ಕಡಿಮೆ. ಇನ್‌ಸ್ಟಾಗ್ರಾಂ ಸ್ಟೋರಿಯಲ್ಲೋ ವಾಟ್ಸಾಪ್ ಗ್ರೂಪಿನಲ್ಲೋ ಒಂದು ಸಾಲು ಬೀಳುತ್ತದೆ: ‘ಅಸಿಸ್ಟೆಂಟ್ ಎಡಿಟರ್ ಬೇಕು, ಕನ್ನಡ ಬರಬೇಕು, ನಾಳೆಯಿಂದಲೇ’. ಆ ‘ನಾಳೆಯಿಂದಲೇ’ ಗಮನಿಸಿ. ನಿನ್ನೆ ಯಾರೋ ಬಿಟ್ಟು ಹೋಗಿದ್ದಾರೆ, ಇವತ್ತು ತಲೆ ಕೆಟ್ಟಿದೆ. ಅಂಥ ಹೊತ್ತಿನಲ್ಲಿ ಯಾರೂ ಐವತ್ತು ಅರ್ಜಿ ಓದುವುದಿಲ್ಲ. ತಟ್ಟನೆ ಯಾರು ನೆನಪಾಗುತ್ತಾರೋ ಅವರಿಗೇ ಫೋನು. ನೀವು ಮಾಡಬೇಕಾದ್ದು ಆ ನೆನಪಿನಲ್ಲಿ ಇರುವುದು. ಇಲ್ಲಿ ಬರೆದದ್ದೆಲ್ಲ ಸುತ್ತಿ ಬಳಸಿ ಇದಕ್ಕೇ ಬಂದು ನಿಲ್ಲುತ್ತದೆ.

ಸುಲಭದ ಒಂದು ದಾರಿ ಇದೆ. ಸಿನಿಮಾ ಮುಗಿದ ಮೇಲೆ ಎದ್ದು ಓಡಬೇಡಿ. ಕೊನೆಯಲ್ಲಿ ಓಡುವ ಹೆಸರುಗಳನ್ನು ಓದಿ. ನಿರ್ದೇಶಕರ ಹೆಸರು ಬಿಡಿ, ಅವರಿಗೆ ದಿನಕ್ಕೆ ನೂರು ಮೆಸೇಜ್. ಸಹಾಯಕ ಎಡಿಟರ್, ಸೌಂಡ್ ಅಸಿಸ್ಟೆಂಟ್, ಪೋಸ್ಟರ್ ಡಿಸೈನರ್, ಇವರ ಹೆಸರು ಬರೆದುಕೊಳ್ಳಿ. ಇವರನ್ನು ಯಾರೂ ಮಾತಾಡಿಸುವುದಿಲ್ಲ, ನೀವು ಮಾತಾಡಿಸಿದರೆ ಖುಷಿಯಾಗುತ್ತಾರೆ. ಒಂದೇ ಮೆಟ್ಟಿಲು ಮೇಲಿರುವವರು ಬೇಗ ಕೈಗೆ ಸಿಗುತ್ತಾರೆ.

ಡಿಗ್ರಿ ಬೇಕಾ? ಯಾವ ಕೋರ್ಸ್ ಒಳ್ಳೆಯದು?

ಡಿಗ್ರಿ ಕೇಳುವವರು ಕಡಿಮೆ. ದೊಡ್ಡ ಕಂಪನಿಗಳ ಡಿಸೈನ್ ಕೆಲಸಕ್ಕೆ ಕೇಳುತ್ತಾರೆ, ಉಳಿದ ಕಡೆ ಕೆಲಸ ನೋಡುತ್ತಾರೆ. ಹಾಗಂತ ಕಲಿಯುವುದೇ ಬೇಡ ಅಂತಲ್ಲ. ನಮ್ಮಲ್ಲೇ ಒಳ್ಳೆಯ ಜಾಗಗಳಿವೆ. ಚಿತ್ರಕಲೆಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ. ರಂಗಭೂಮಿಗೆ ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂ, ಬೆಂಗಳೂರಿನ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ. ಸಿನಿಮಾ ತಂತ್ರಕ್ಕೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್. ಅದರ ಮೂಲ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಛಾಯಾಗ್ರಹಣ ಕೋರ್ಸು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲೇ ಕಲಿತು ಬಾಂಬೆಗೆ ಹೋದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ ಆದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐಗೆ ಪರೀಕ್ಷೆ ಬರೆಯುವ ಧೈರ್ಯ ಇದ್ದರೆ ಅದನ್ನೂ ಬರೆಯಿರಿ.

ಇಂಥ ಕಡೆ ಪಾಠಕ್ಕಿಂತ ಹೆಚ್ಚಾಗಿ ಸಿಗುವುದು ಜೊತೆಗಾರರು. ಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು ನಾಳೆ ಕ್ಯಾಮರಾಮನ್ ಆದಾಗ ನಿಮ್ಮನ್ನು ಮರೆಯುವುದಿಲ್ಲ. ‘ಮೂರೇ ತಿಂಗಳಲ್ಲಿ ಹೀರೋ’ ಅಂತ ಕಂಬಕ್ಕೆ ಅಂಟಿಸಿದ ಕೋರ್ಸುಗಳಿಗೆ ಮಾತ್ರ ಅಪ್ಪನ ದುಡ್ಡು ಸುರಿಯಬೇಡಿ.

ಪೋರ್ಟ್‌ಫೋಲಿಯೋ ಹೇಗಿರಬೇಕು?

ಚಿಕ್ಕದಾಗಿ. ಒಬ್ಬ ಹುಡುಗ ನನಗೆ 43 ಪೋಸ್ಟರ್ ಕಳುಹಿಸಿದ್ದ. ನಲವತ್ತಮೂರೂ ಹಬ್ಬದ ಶುಭಾಶಯ. ಐದನೆಯದಕ್ಕೆ ನನ್ನ ಕಣ್ಣು ಸೋತಿತ್ತು. ಅದೇ ವಾರ ಒಬ್ಬ ಹುಡುಗಿ ಮೂರೇ ಕಳುಹಿಸಿದಳು. ಒಂದೊಂದರ ಕೆಳಗೂ ಎರಡು ಸಾಲು: ಯಾರಿಗೆ ಮಾಡಿದ್ದು, ಅವರು ಏನು ಕೇಳಿದ್ದರು, ತಾನು ಯಾಕೆ ಹೀಗೆ ಮಾಡಿದೆ. ಮೂರನೆಯದು ಅವಳ ಊರಿನ ಹಾಲಿನ ಡೈರಿಯ ಬೋರ್ಡು. ಹಳೆಯ ಬೋರ್ಡಿನ ಫೋಟೋ ಪಕ್ಕದಲ್ಲಿ ಹೊಸದರ ಫೋಟೋ. ಕೆಲಸ ಯಾರಿಗೆ ಸಿಕ್ಕಿತು ಅಂತ ಹೇಳಬೇಕಿಲ್ಲ ಅಲ್ವಾ?

ಕನ್ನಡ ಡಿಸೈನರ್‌ಗಳಿಗೆ ಇನ್ನೊಂದು ಮಾತು. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಒತ್ತಕ್ಷರ. ಹಳೆಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಹಾಕುವಾಗ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡದಿದ್ದರೆ ‘ಹಬ್ಬ’ ಹೋಗಿ ‘ಹಬ್‌ಬ’ ಆಗುತ್ತದೆ. ಇನ್‌ಡಿಸೈನ್‌ನಲ್ಲೂ ಅಷ್ಟೇ, ವರ್ಲ್ಡ್ ರೆಡಿ ಕಂಪೋಸರ್ ಆರಿಸಬೇಕು. ಪೋರ್ಟ್‌ಫೋಲಿಯೋದಲ್ಲೇ ‘ಹಬ್‌ಬದ ಶುಭಾಶಯ’ ಇದ್ದರೆ ನಾನು ಮುಂದಿನ ಪುಟಕ್ಕೆ ಹೋಗುವುದಿಲ್ಲ. ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೆಯ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸುವುದು, ಬದಲಾಯಿಸಿದ ಮೇಲೆ ಅರ್ಕಾವತ್ತು ಎಲ್ಲಿ ಹಾರಿಹೋಗಿದೆ ಅಂತ ಹುಡುಕುವುದು, ಇದು ಬಂದರೆ ಅದನ್ನೂ ಬರೆಯಿರಿ. ಪ್ರಕಾಶಕರು, ಪತ್ರಿಕೆಯವರು ಅಂಥವರನ್ನು ಹುಡುಕುತ್ತಲೇ ಇರುತ್ತಾರೆ.

ಎಡಿಟರ್‌ಗಳಾದರೆ ಒಂದು ನಿಮಿಷದ ಶೋರೀಲ್, ಅಂದರೆ ಮಾಡಿದ ಕೆಲಸದ ತುಣುಕುಗಳ ವಿಡಿಯೋ, ಸಾಕು. ಒಳ್ಳೆಯ ಶಾಟ್ ಕೊನೆಗೆ ಇಟ್ಟುಕೊಳ್ಳಬೇಡಿ, ಅಲ್ಲಿಯವರೆಗೆ ಯಾರೂ ನೋಡುವುದಿಲ್ಲ. ಡ್ರೈವ್ ಲಿಂಕ್ ಕಳುಹಿಸುವ ಮುಂಚೆ ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ‘ಅನುಮತಿ ಕೇಳಿ’ ಅಂತ ಬಂದರೆ ನಾನು ಅನುಮತಿ ಕೇಳುವವಳಲ್ಲ.

ಇನ್ನೂ ಕೆಲಸವೇ ಮಾಡಿಲ್ಲ. ಏನು ತೋರಿಸಲಿ?

ಯಾರೂ ಕೇಳದಿದ್ದರೂ ಮಾಡಿ. ನಿಮ್ಮ ಮೆಸ್‌ನ ಮೆನು ಬೋರ್ಡು ಚೆಂದ ಮಾಡಿಕೊಡಿ. ಊರಿನ ನಾಟಕಕ್ಕೆ ಪೋಸ್ಟರ್ ಮಾಡಿ. ಅಜ್ಜಿ ರೊಟ್ಟಿ ತಟ್ಟುವುದನ್ನು ಫೋನಿನಲ್ಲಿ ಶೂಟ್ ಮಾಡಿ ಎರಡು ನಿಮಿಷಕ್ಕೆ ಇಳಿಸಿ, ಮ್ಯೂಸಿಕ್ ಹಾಕದೆ. ಮ್ಯೂಸಿಕ್ ಇಲ್ಲದೆ ನಿಲ್ಲುವ ಎಡಿಟ್ ನೋಡಿದರೆ ಕೈ ಗೊತ್ತಾಗುತ್ತದೆ.

ಕನ್ನಡ ಚೆನ್ನಾಗಿ ಬರುತ್ತೆ, ಇಂಗ್ಲಿಷ್ ಅಷ್ಟಕ್ಕಷ್ಟೇ. ತೊಂದರೆಯಾ?

ಈ ಪ್ರಶ್ನೆ ಕೇಳುವವರು ತಲೆ ತಗ್ಗಿಸಿ ಕೇಳುತ್ತಾರೆ. ನನಗೆ ಅದೇ ಬೇಜಾರು. ಬೆಂಗಳೂರಿನಲ್ಲಿ ಇಂಗ್ಲಿಷ್ ಕಾಪಿ ಬರೆಯುವವರು ಬೇಕಾದಷ್ಟಿದ್ದಾರೆ. ಕನ್ನಡದಲ್ಲಿ ಯೋಚಿಸಿ ಬರೆಯುವವರು ಕೈಬೆರಳೆಣಿಕೆ. ಸಂಜೆ ಆರಕ್ಕೆ ಮುಂಬೈಯಿಂದ ಹಿಂದಿ ಸಾಲು ಬರುತ್ತದೆ, ಎಂಟಕ್ಕೆ ಕನ್ನಡ ಬೇಕು. ಯಂತ್ರಕ್ಕೆ ಹಾಕಿ ತೆಗೆದರೆ ಏನಾಗುತ್ತದೆ ಅಂತ ದಿನಾ ಹೋರ್ಡಿಂಗ್‌ನಲ್ಲಿ ನೋಡುತ್ತಿದ್ದೇವೆ.

ಏಜೆನ್ಸಿಯಲ್ಲಿ ನನಗೆ ಬಂದ ಮೊದಲ ಕೆಲಸ ಒಂದು ದಿನಸಿ ಅಂಗಡಿಯದು. ಕಡಿಮೆ ದುಡ್ಡಿಗೆ ಜಾಸ್ತಿ ಸಾಮಾನು ಅನ್ನುವುದು ವಿಷಯ. ಮೊದಲು ‘ಕಡಿಮೆ ಬೆಲೆಯಲ್ಲಿ ಹೆಚ್ಚು ಪಡೆಯಿರಿ’ ಅಂತ ಬರೆದೆ. ನಮ್ಮ ಹಿರಿಯರು ಕನ್ನಡಕದ ಮೇಲಿಂದ ನೋಡಿ, ‘ನಿಮ್ಮಮ್ಮ ಅಂಗಡಿಯಿಂದ ಬಂದು ಹೀಗೆ ಹೇಳ್ತಾರೇನಮ್ಮಾ?’ ಅಂದರು. ರಾತ್ರಿ ಹತ್ತಕ್ಕೆ ಒಪ್ಪಿಗೆಯಾದ ಸಾಲು: ‘ದುಡ್ಡು ಚೂರು, ಚೀಲ ಜೋರು’. ದೊಡ್ಡ ಸಾಹಿತ್ಯವೇನಲ್ಲ. ಆದರೆ ಅಮ್ಮ ಹೇಳಬಹುದಾದ ಮಾತು. ಹುಬ್ಬಳ್ಳಿ ಕಡೆಗೆ, ಮಂಗಳೂರಿಗೆ ಅದೇ ಸಾಲನ್ನು ಬೇರೆ ಥರ ಬರೆಯಬಲ್ಲಿರಾ? ನಿಮ್ಮ ಬೆಲೆ ಇನ್ನೂ ಜಾಸ್ತಿ.

ಇಂಗ್ಲಿಷ್ ಪೂರ್ತಿ ಬಿಡಲೂ ಆಗುವುದಿಲ್ಲ. ಬ್ರೀಫ್ (ಏನು ಬೇಕು ಅಂತ ಕೆಲಸ ಕೊಡುವವರು ಬರೆದು ಕಳುಹಿಸುವುದು) ಓದಿ ತಿಳಿಯುವಷ್ಟು, ಮೀಟಿಂಗ್‌ನಲ್ಲಿ ‘ಈ ಸಾಲು ಯಾಕೆ ಬೇಡ’ ಅಂತ ಹೇಳುವಷ್ಟು ಬೇಕು. ವ್ಯಾಕರಣ ತಪ್ಪಿದರೂ ಪರವಾಗಿಲ್ಲ, ಬಾಯಿ ಬಿಡಿ.

ಸೀರಿಯಲ್‌ಗೆ ಬರೆಯುವುದು ಹೇಗೆ?

ಮೊದಲು ಆ ಕಾರ್ಖಾನೆ ಅರ್ಥ ಮಾಡಿಕೊಳ್ಳಿ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಬಿಟ್ಟರೆ ಉಳಿಯುವುದು 22 ನಿಮಿಷದ ಆಸುಪಾಸು. ವಾರಪೂರ್ತಿ ಪ್ರಸಾರ. ಗುರುವಾರ ಟಿಆರ್‌ಪಿ ಬರುತ್ತದೆ. ನಂಬರ್ ಬಿದ್ದರೆ ಶುಕ್ರವಾರದ ಹೊತ್ತಿಗೆ ಕಥೆ ತಿರುಗಿರುತ್ತದೆ, ನೀವು ಬರೆದಿಟ್ಟ ಎಪಿಸೋಡ್ ಕಸದ ಬುಟ್ಟಿಗೆ. ಸಂಭಾಷಣೆಗೆ ದುಡ್ಡು ಸಾಮಾನ್ಯವಾಗಿ ಎಪಿಸೋಡ್ ಲೆಕ್ಕದಲ್ಲಿ.

ಒಳಗೆ ಹೋಗುವ ಬಾಗಿಲು ಹಿರಿಯ ಬರಹಗಾರರ ಸಹಾಯಕರಾಗುವುದು. ಅವರು ಒಂದು ಸೀನ್ ಕೊಟ್ಟು ಬರೆದು ತನ್ನಿ ಅನ್ನುತ್ತಾರೆ. ನನಗೆ ಸಿಕ್ಕಿದ್ದು: ಅತ್ತೆಗೆ ಸೊಸೆಯ ಗುಟ್ಟು ಗೊತ್ತಾಗಿದೆ, ಸೊಸೆ ಕಾಫಿ ತರುತ್ತಾಳೆ. ನಾನು ಎರಡು ಪುಟ ಬೈಗುಳ ಬರೆದೆ. ಅವರು ಎಲ್ಲ ಹೊಡೆದು ಒಂದೇ ಸಾಲು ಉಳಿಸಿದರು: ‘ಸಕ್ಕರೆ ಜಾಸ್ತಿ ಹಾಕಿದೀಯಲ್ಲಮ್ಮಾ, ಏನಾದ್ರೂ ಮುಚ್ಚಿಡಬೇಕಿತ್ತಾ?’ ಅವತ್ತು ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ. ಕಥೆ ಹೇಳುತ್ತೇನೆ ಅಂತ ಚಾನೆಲ್ ಬಾಗಿಲಿಗೆ ನೇರ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

ಡಬ್ಬಿಂಗ್‌ನಲ್ಲಿ ಕೆಲಸ ಇದೆಯಾ?

ಇದೆ, ಹತ್ತು ವರ್ಷದ ಹಿಂದೆ ಇದ್ದಿದ್ದಕ್ಕಿಂತ ಬಹಳ ಜಾಸ್ತಿ. ಬೇರೆ ಭಾಷೆಯ ಚಿತ್ರ ಕನ್ನಡಕ್ಕೆ ಡಬ್ ಮಾಡುವುದಕ್ಕೆ ನಮ್ಮಲ್ಲಿ ದಶಕಗಟ್ಟಲೆ ಅಲಿಖಿತ ನಿಷೇಧ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದಿತು. ಆಮೇಲೆ ಬಾಗಿಲು ನಿಧಾನಕ್ಕೆ ತೆರೆಯಿತು. ಒಳ್ಳೆಯದೋ ಕೆಟ್ಟದ್ದೋ ಅಂತ ಇನ್ನೂ ಜಗಳ ಆಡುವವರಿದ್ದಾರೆ, ಆಡಲಿ. ದನಿ ಕೊಡುವವರಿಗೆ, ತುಟಿಗೆ ಹೊಂದುವ ಮಾತು ಬರೆಯುವವರಿಗೆ ಕೆಲಸ ಬಂದಿದ್ದಂತೂ ನಿಜ. ಗಡಸು ದನಿ ಇದ್ದರೆ ಸಾಲದು. ಹತ್ತು ಸಲ ಅದೇ ಸಾಲನ್ನು ಅದೇ ಅಳತೆಯಲ್ಲಿ ಹೇಳಬೇಕು. ನಾಟಕ ಮಾಡಿದವರು ಬೇಗ ಹಿಡಿಯುತ್ತಾರೆ.

ಆನಿಮೇಷನ್, ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ಮಾಡುವ ದೃಶ್ಯ ಪರಿಣಾಮ) ಕಲಿತರೆ ಕೆಲಸ ಗ್ಯಾರಂಟಿಯಾ?

ಗ್ಯಾರಂಟಿ ಅನ್ನುವ ಸಂಸ್ಥೆಯಿಂದ ದೂರ ಇರಿ. ಬೆಂಗಳೂರು ಈ ಕೆಲಸಕ್ಕೆ ದೊಡ್ಡ ಊರು, ಸುಳ್ಳಲ್ಲ. ಕರ್ನಾಟಕ ಸರ್ಕಾರ 2012ರಲ್ಲೇ ಇದಕ್ಕೆ ಪ್ರತ್ಯೇಕ ನೀತಿ ತಂದಿತು. ಈಗಿನದು 2024-29ರ ನೀತಿ. ಆದರೆ 2025ರ ಫೆಬ್ರುವರಿಯಲ್ಲಿ ಹೊರದೇಶದ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಗುಂಪು ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೋಗಳೂ ಮುಚ್ಚಿದವು. ಹೊರದೇಶದ ಚಿತ್ರಗಳಿಗೆ ಕೆಲಸ ಮಾಡುತ್ತಿದ್ದ ಎಷ್ಟೋ ಜನ ಒಂದೇ ವಾರದಲ್ಲಿ ಬೀದಿಗೆ ಬಂದರು. ಕೈ ಕಚ್ಚಿದ್ದು ಕೆಲಸ ಬರದವರಿಗೆ ಮಾತ್ರ ಅಲ್ಲ. ಆಗ ಬೇಗ ಚೇತರಿಸಿಕೊಂಡವರು, ನಾನು ನೋಡಿದ ಮಟ್ಟಿಗೆ, ಬರೀ ಒಂದು ಸಾಫ್ಟ್‌ವೇರ್ ನಂಬಿದವರಲ್ಲ, ಕೈಯಲ್ಲಿ ಚಿತ್ರ ಬಿಡಿಸಲು ಬರುತ್ತಿದ್ದವರು.

ಎಐ ಬಂದ ಮೇಲೆ ನಮಗೆ ಕೆಲಸ ಉಳಿಯುತ್ತಾ?

ಶುಭಾಶಯದ ಪೋಸ್ಟರ್ ಮಾಡುವ ಕೆಲಸ ಉಳಿಯುವುದಿಲ್ಲ. ಡೈರಿಯವರ ಹತ್ತಿರ ಹೋಗಿ, ಚಹಾ ಕುಡಿದು, ಅವರಿಗೆ ಏನು ಬೇಕು ಅಂತ ತಿಳಿಯುವ ಕೆಲಸ ಸದ್ಯಕ್ಕೆ ಉಳಿದಿದೆ.

ಸಣ್ಣ ಊರಲ್ಲಿದ್ದೇನೆ. ಬೆಂಗಳೂರಿಗೆ ಬರಲೇಬೇಕಾ?

ಸೆಟ್‌ನಲ್ಲಿ ಕೆಲಸ ಬೇಕಾದರೆ ಬರಲೇಬೇಕು. ಚಿತ್ರ ಬಿಡಿಸುವುದು, ಸಬ್‌ಟೈಟಲ್, ಕಾಪಿ, ಪುಸ್ತಕ ವಿನ್ಯಾಸಕ್ಕೆ ಬೇಕಿಲ್ಲ. ಬರುವುದಾದರೂ ಮೊದಲು ಊರಲ್ಲೇ ಏನಾದರೂ ಮಾಡಿ ಬನ್ನಿ. ಡಿಟಿಪಿ ಅಂಗಡಿಯಲ್ಲಿ ನಾನು ಒಂದು ಲಗ್ನಪತ್ರಿಕೆಯಲ್ಲಿ ಭಾನುವಾರದ ಬದಲು ಬುಧವಾರ ಹಾಕಿಬಿಟ್ಟಿದ್ದೆ. ಐನೂರು ಕಾರ್ಡು ವಾಪಸ್, ಹುಡುಗಿಯ ಅಪ್ಪ ಅಂಗಡಿ ಮುಂದೆ ನಿಂತು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ತಾರೀಖು, ವಾರ, ಹೆಸರು ಮೂರನ್ನೂ ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸ ಉಳಿಸಿದ್ದು ಆ ಅಭ್ಯಾಸವೇ.

ಫ್ರೀಯಾಗಿ ಕೆಲಸ ಮಾಡಿಕೊಡಲಾ? ‘ಎಕ್ಸ್‌ಪೋಶರ್ ಸಿಗುತ್ತೆ’ ಅಂತಾರೆ.

ಒಂದು ಸೀನ್, ಒಂದು ಪೋಸ್ಟರ್, ಒಂದು ನಿಮಿಷದ ಎಡಿಟ್ ಟೆಸ್ಟ್ ಅಂದರೆ ಮಾಡಿ. ಇಡೀ ಕ್ಯಾಂಪೇನ್ ಬರೆದು ತನ್ನಿ ಅಂದರೆ ಎದ್ದು ಬನ್ನಿ. ನಾನು ಒಮ್ಮೆ ಒಂದು ಕಂಪನಿಗೆ ‘ಟೆಸ್ಟ್’ ಅಂತ ಹನ್ನೆರಡು ಸಾಲು ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಎರಡು ತಿಂಗಳ ನಂತರ ಬಸ್ಸಿನ ಹಿಂದೆ ಏಳನೇ ಸಾಲು ಓಡುತ್ತಿತ್ತು. ಟ್ರಾಫಿಕ್‌ನಲ್ಲಿ ಅದರ ಹಿಂದೆಯೇ ಅರ್ಧ ಗಂಟೆ ನಿಂತಿದ್ದೆ. ಈಗ ಟೆಸ್ಟ್ ಕೊಟ್ಟರೂ ಇಮೇಲ್‌ನಲ್ಲೇ ಕೊಡುತ್ತೇನೆ, ‘ಬಳಸುವುದಾದರೆ ದುಡ್ಡು ಮಾತಾಡೋಣ’ ಅಂತ ಒಂದು ಸಾಲು ಸೇರಿಸಿ.

ದುಡ್ಡು ಎಷ್ಟು ಕೇಳಬೇಕು?

ಬಾಡಿಗೆ, ಊಟ, ಬಸ್ಸು, ಇಂಟರ್‌ನೆಟ್, ಲ್ಯಾಪ್‌ಟಾಪ್ ಕಂತು, ಊರಿಗೆ ಕಳುಹಿಸುವುದು, ಎಲ್ಲ ಕೂಡಿಸಿ. ತಿಂಗಳಲ್ಲಿ ನಿಜವಾಗಿ ಕೆಲಸ ಇರುವ ದಿನ ಹದಿನೈದು ಅಂತ ಹಿಡಿದು ಭಾಗಿಸಿ. ಅದಕ್ಕಿಂತ ಕೆಳಗೆ ಇಳಿದರೆ ನೀವು ಕೈಯಿಂದ ಹಾಕಿ ಕೆಲಸ ಮಾಡುತ್ತಿದ್ದೀರಿ. ಅರ್ಧ ಅಡ್ವಾನ್ಸ್ ಕೇಳಿ. ತಿದ್ದುಪಡಿ ಎಷ್ಟು ಸಲ ಅಂತ ಮೊದಲೇ ಬರೆದುಕೊಳ್ಳಿ, ಇಲ್ಲದಿದ್ದರೆ ‘ಲೋಗೋ ಸ್ವಲ್ಪ ದೊಡ್ಡದು ಮಾಡಿ’ ಮುಗಿಯುವುದೇ ಇಲ್ಲ.

ಕಂಪನಿಯವರು ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು ಕೊಡುತ್ತಾರೆ, ವೃತ್ತಿ ಶುಲ್ಕಕ್ಕೆ ಸಾಮಾನ್ಯವಾಗಿ 10%. ಅದು ಹೋದ ದುಡ್ಡಲ್ಲ, ರಿಟರ್ನ್ ಹಾಕಿ ನಿಮ್ಮ ತೆರಿಗೆಗಿಂತ ಜಾಸ್ತಿ ಹಿಡಿದಿದ್ದರೆ ವಾಪಸ್ ಬರುತ್ತದೆ. ಎಷ್ಟೋ ಹುಡುಗರು ರಿಟರ್ನ್ ಹಾಕದೆ ಅದನ್ನು ಬಿಟ್ಟುಬಿಡುತ್ತಾರೆ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಇಟ್ಟಿರುವ ಉದ್ಯಮ್ ಪೋರ್ಟಲ್‌ನಲ್ಲಿ ಫ್ರೀಯಾಗಿ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸಮೇತ. ಇನ್‌ವಾಯ್ಸ್ ಕೆಳಗೆ ಉದ್ಯಮ್ ನಂಬರ್ ಹಾಕಲು ಶುರು ಮಾಡಿದ ಮೇಲೆ ನನಗೆ ಅಕೌಂಟ್ಸ್‌ನವರು ಫೋನ್ ಎತ್ತುತ್ತಿದ್ದಾರೆ.

ನನ್ನ ಕಥೆ ಕದ್ದುಬಿಟ್ಟರೆ?

ಬರೀ ಐಡಿಯಾಗೆ ಕಾಪಿರೈಟ್ ಇಲ್ಲ. ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ಬರೆದ ರೂಪಕ್ಕೆ ಇದೆ, ಬರೆದ ಕ್ಷಣದಿಂದಲೇ. ಹಾಗಾಗಿ ಬಾಯಲ್ಲಿ ಹೇಳುವ ಮುಂಚೆ ಬರೆಯಿರಿ, ಇಮೇಲ್‌ನಲ್ಲಿ ಕಳುಹಿಸಿ. ಬೇಕಿದ್ದರೆ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ, ಸಾಹಿತ್ಯ ಕೃತಿಗೆ 500 ರೂಪಾಯಿ. ಹಕ್ಕು ಬರೆದುಕೊಡುವಾಗ ಅವಧಿ ನೋಡಿ. ಪತ್ರದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಸಂಬಳಕ್ಕಿದ್ದಾಗ ಕೆಲಸದ ಭಾಗವಾಗಿ ಬರೆದದ್ದು ಮಾತ್ರ ಸಾಮಾನ್ಯವಾಗಿ ಕಂಪನಿಯದೇ.

ಆಡಿಷನ್‌ಗೆ, ಕಾರ್ಡ್‌ಗೆ ದುಡ್ಡು ಕೇಳುತ್ತಿದ್ದಾರೆ.

ಕೊಡಬೇಡಿ. ಆನ್‌ಲೈನ್‌ನಲ್ಲಿ ಕೊಟ್ಟಾಗಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೆಣ್ಣುಮಕ್ಕಳಿಗೆ ಈ ಫೀಲ್ಡ್ ಸೇಫಾ?

ಒಳ್ಳೆಯ ಜಾಗ ಇವೆ, ಹೊಲಸು ಜಾಗವೂ ಇವೆ. ‘ರಾತ್ರಿ ಡಿಸ್ಕಷನ್’ ಅಂದರೆ ‘ಬೆಳಿಗ್ಗೆ ಆಫೀಸಿಗೆ ಬರ್ತೀನಿ’ ಅನ್ನಿ. ಅದಕ್ಕೇ ತಪ್ಪಿಹೋಗುವ ಚಾನ್ಸ್ ಆಗಿದ್ದರೆ ಅದು ಚಾನ್ಸೇ ಆಗಿರಲಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ. ಮೂರು ತಿಂಗಳೊಳಗೆ ದೂರು ಕೊಡಬೇಕು, ಮೆಸೇಜ್ ಅಳಿಸಬೇಡಿ. ಸೇರುವ ಮುಂಚೆ ಅಲ್ಲಿ ಕೆಲಸ ಬಿಟ್ಟ ಹುಡುಗಿಯೊಬ್ಬಳನ್ನು ಹುಡುಕಿ ಮಾತಾಡಿ. ಅವಳು ಹೇಳುವುದಕ್ಕಿಂತ ಹೇಳದೆ ಬಿಡುವುದನ್ನು ಗಮನಿಸಿ.

ಮನೆಯಲ್ಲಿ ಒಪ್ಪುತ್ತಿಲ್ಲ.

ನಮ್ಮಪ್ಪನೂ ಒಪ್ಪಿರಲಿಲ್ಲ. ಟಿವಿಯಲ್ಲಿ ಹೆಸರು ಬಂದ ದಿನ ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದರು. ಹೆಸರು ಅರ್ಧ ಸೆಕೆಂಡಲ್ಲಿ ಓಡಿಹೋಯಿತು, ಯಾರಿಗೂ ಓದಲಾಗಲಿಲ್ಲ.

ಮೆಸೇಜ್ ಮಾಡಿದರೆ ಯಾರೂ ಉತ್ತರವೇ ಕೊಡುವುದಿಲ್ಲ. ಏನು ಬರೆಯಬೇಕು?

ನನಗೆ ಬಂದ ಒಂದು ಮೆಸೇಜ್ ಹಾಗೇ ಕೊಡುತ್ತೇನೆ, ಊರು ಮಾತ್ರ ಬದಲಿಸಿದ್ದೇನೆ.

‘ನಮಸ್ಕಾರ. ಹಾಸನದವನು. ಎಡಿಟಿಂಗ್ ಕಲಿತು ಒಂದು ವರ್ಷ ಆಯಿತು. ನಿಮ್ಮ ತಂಡದ ಬೈಕ್ ಜಾಹೀರಾತಿನಲ್ಲಿ ಮಳೆ ಶಾಟ್ ಆದಮೇಲೆ ಎರಡು ಸೆಕೆಂಡ್ ಸುಮ್ಮನೆ ಬಿಟ್ಟಿದ್ದೀರಿ, ಅದು ಇಷ್ಟವಾಯಿತು. ನನ್ನ ಮೂರು ಕೆಲಸ ಈ ಲಿಂಕ್‌ನಲ್ಲಿವೆ. ಮೊದಲನೆಯದು 40 ಸೆಕೆಂಡ್. ಅಸಿಸ್ಟೆಂಟ್ ಬೇಕಾದಾಗ ನೆನಪಿಸಿಕೊಳ್ಳಿ.’

ಆಗ ಕೆಲಸ ಇರಲಿಲ್ಲ, ಇಲ್ಲ ಅಂತ ಉತ್ತರ ಕೊಟ್ಟೆ. ಅವನು ‘ಸರಿ ಮೇಡಂ’ ಅಂದ, ಅಷ್ಟೇ. ದಿನಾ ‘ಗುಡ್ ಮಾರ್ನಿಂಗ್’ ಕಳುಹಿಸಲಿಲ್ಲ. ಎರಡು ತಿಂಗಳಾದ ಮೇಲೆ ಹೊಸದಾಗಿ ಮಾಡಿದ್ದೊಂದನ್ನು ಕಳುಹಿಸಿದ. ಇನ್ನೆರಡು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ನಮ್ಮ ಎಡಿಟರ್ ಜ್ವರ ಅಂತ ಮಲಗಿಬಿಟ್ಟ. ಸೋಮವಾರ ಫೈಲ್ ಹೋಗಬೇಕು. ಹಾಸನದ ಹುಡುಗನ ಹೆಸರು ನನಗೆ ಮರೆತೇಹೋಗಿತ್ತು. ವಾಟ್ಸಾಪ್‌ನಲ್ಲಿ ‘ಮಳೆ’ ಅಂತ ಟೈಪ್ ಮಾಡಿ ಹುಡುಕಿದೆ.